ಸಿಲ್ವರ್‌ಟೋನ್ 1457: ಆರು ವರ್ಷಗಳ ಒಡನಾಟ ಮತ್ತು ಒಂದು ಮೂರನೇ ತಂತಿ

ನನ್ನ ಹಳೆಯ ಎಲೆಕ್ಟ್ರಿಕ್ ಗಿಟಾರಿನ ಮೂರನೇ ತಂತಿಯೊಂದು ಕಾಡದೆ ಇದ್ದಿದ್ದರೆ ಈ ವಿಮರ್ಶೆಯನ್ನು ನಾನು ನಾಲ್ಕು ವರ್ಷಗಳ ಹಿಂದೆಯೇ ಬರೆದು ಮುಗಿಸುತ್ತಿದ್ದೆ, ಮತ್ತು ಅದು ಬರೀ ಹೊಗಳಿಕೆಯಾಗಿರುತ್ತಿತ್ತು. ಶಿಕಾಗೋದ ಹೊರವಲಯದಲ್ಲಿರುವ ನಮ್ಮ ಮನೆಗೆ ಸಿಲ್ವರ್‌ಟೋನ್ 1457 ಬಂದು ಆರು ವರ್ಷಗಳಾದವು. 1960ರ ದಶಕದಲ್ಲಿ ಸಿಯರ್ಸ್ ಮಳಿಗೆಗಳಲ್ಲಿಯೂ ಅದರ ದಪ್ಪ ಕ್ಯಾಟಲಾಗಿನಲ್ಲಿಯೂ, ಹೊಲಿಗೆ ಯಂತ್ರ, ಹುಲ್ಲು ಕತ್ತರಿಸುವ ಯಂತ್ರಗಳ ಸಾಲಿನಲ್ಲಿ, ಸುಮಾರು 100 ಡಾಲರಿಗೆ ಮಾರಾಟವಾಗುತ್ತಿದ್ದ ಎಲೆಕ್ಟ್ರಿಕ್ ಗಿಟಾರು ಇದು. ಸದ್ದನ್ನು ದೊಡ್ಡದಾಗಿಸುವ ಆಂಪ್ಲಿಫೈಯರನ್ನು, ಅಂದರೆ ಆಂಪನ್ನು, ಬೇರೆಯಾಗಿ ಕೊಳ್ಳಬೇಕಾಗಿರಲಿಲ್ಲ. ಗಿಟಾರನ್ನು ಇಡುವ ಪೆಟ್ಟಿಗೆಯಲ್ಲಿಯೇ ಅದು ಅಡಗಿತ್ತು. ಎಷ್ಟು ವಾಟ್, ಎಷ್ಟು ಅಂಗುಲದ ಸ್ಪೀಕರ್ ಎಂಬ ವಿವರಗಳನ್ನು ಇಲ್ಲಿ ಒಪ್ಪಿಸಲು ಹೋಗುವುದಿಲ್ಲ.

ಸಿಲ್ವರ್‌ಟೋನ್ ಎಂಬುದು ಸಿಯರ್ಸ್ ಅಂಟಿಸುತ್ತಿದ್ದ ಹೆಸರು ಮಾತ್ರ. ಒಳಗಿನ ಕೆಲಸ ಬೇರೆಯವರದು: ಕೆಲವನ್ನು ಶಿಕಾಗೋದ ಹಾರ್ಮನಿ ಮತ್ತು ಕೇ ಕಂಪನಿಗಳು ತಯಾರಿಸಿದರೆ, ನನ್ನ ಬಳಿ ಇರುವಂಥವನ್ನು ನ್ಯೂಜೆರ್ಸಿಯ ನೆಪ್ಚೂನ್ ಊರಿನಲ್ಲಿದ್ದ ಡ್ಯಾನೆಲೆಕ್ಟ್ರೋ ಕಾರ್ಖಾನೆ ತಯಾರಿಸಿತು. ಅದರ ಒಡೆಯ ನೇಥನ್ ಡೇನಿಯಲ್ ಮಹಾ ಜುಗ್ಗ, ಆದರೆ ಬುದ್ಧಿವಂತ ಜುಗ್ಗ. ಮರದ ಚೌಕಟ್ಟಿನ ಹಿಂದೆ ಮುಂದೆ ಮೇಸನೈಟ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಅಗ್ಗದ ಹಲಗೆ, ಹೊಡೆಸಿದ. ಲಿಪ್‌ಸ್ಟಿಕ್ ತುಂಬಲು ಬಳಸುವ ಲೋಹದ ಕೊಳವೆಯೊಳಗೆ ಅಯಸ್ಕಾಂತ ಮತ್ತು ಸುರುಳಿಯನ್ನು ಕೂರಿಸಿ ಅದನ್ನೇ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಿಸುವ ಭಾಗ, ಮಾಡಿದ. 1966ರಲ್ಲಿ ಕಂಪನಿಯನ್ನು ಎಂಸಿಎ ಎಂಬ ಮನರಂಜನಾ ಸಂಸ್ಥೆ ಕೊಂಡಿತು, 1969ರಲ್ಲಿ ಕಾರ್ಖಾನೆ ಮುಚ್ಚಿತು. ಸಿಯರ್ಸ್ ಕೂಡ 2018ರಲ್ಲಿ ದಿವಾಳಿಯಾಯಿತು. ಅದು ಕಟ್ಟಿಸಿದ ಗಗನಚುಂಬಿ ಕಟ್ಟಡದ ಹೆಸರು 2009ರಲ್ಲಿಯೇ ಬದಲಾಗಿದ್ದರೂ ಇಲ್ಲಿನ ಹಳಬರು ಅದನ್ನು ಇಂದಿಗೂ ಸಿಯರ್ಸ್ ಟವರ್ ಎಂದೇ ಕರೆಯುತ್ತಾರೆ. ಪ್ರತಿಸ್ಪರ್ಧಿ ಮಳಿಗೆಯಾದ ಮಾಂಟ್ಗೊಮರಿ ವಾರ್ಡ್ ಮಾರುತ್ತಿದ್ದ ಏರ್‌ಲೈನ್ ಗಿಟಾರುಗಳನ್ನೂ ನಾನು ಆಸೆಯಿಂದ ನೋಡುವುದುಂಟು. ಆದರೆ ವ್ಯಾಲ್ಕೋ ಕಂಪನಿ ಫೈಬರ್‌ಗ್ಲಾಸಿನಲ್ಲಿ ಮಾಡಿದ ಆ ಕೆಂಪು ಗಿಟಾರನ್ನು ರಾಕ್ ಸಂಗೀತಗಾರ ಜ್ಯಾಕ್ ವೈಟ್ ವೇದಿಕೆಗೆ ತಂದ ಮೇಲೆ ಅದು ನನ್ನಂಥ ಸಂಬಳದಾರನ ಕೈಗೆ ಎಟುಕುವ ವಸ್ತುವಾಗಿ ಉಳಿದಿಲ್ಲ.

ನನ್ನ ದಿನಚರಿಯನ್ನು ಹೇಳಿದರೆ ಈ ವಸ್ತುವನ್ನು ನಾನು ಏಕೆ ಇಟ್ಟುಕೊಂಡಿದ್ದೇನೆ ಎಂಬುದು ಅರ್ಥವಾಗುತ್ತದೆ. ರಾತ್ರಿ ಊಟದ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ ಪೆಟ್ಟಿಗೆಯ ಕೊಂಡಿಗಳನ್ನು ಒಂದೊಂದಾಗಿ ತೆಗೆಯುತ್ತೇನೆ. ಹಿಡಿಯ ಬಳಿಯಿರುವ ಕೊಂಡಿ ಸ್ವಲ್ಪ ಸೊಟ್ಟಗಾಗಿರುವುದರಿಂದ ಅದನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ ನಂತರ ಎತ್ತಬೇಕು. ಗಿಟಾರನ್ನು ಹೊರತೆಗೆದು, ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಒಳಗೆ ಸುತ್ತಿಟ್ಟ ವಿದ್ಯುತ್ ತಂತಿಯನ್ನು ಬಿಚ್ಚಿ ಸ್ವಿಚ್ ಒತ್ತಿದರೆ ಮೊದಲ ಅರ್ಧ ನಿಮಿಷ ಏನೂ ಕೇಳಿಸುವುದಿಲ್ಲ. ವಾಲ್ವುಗಳು ಬಿಸಿಯಾಗಬೇಕು. ಆ ಅರ್ಧ ನಿಮಿಷದಲ್ಲಿ ಬೆಚ್ಚಗಾದ ಧೂಳು, ಹಳೆಯ ಬಟ್ಟೆ ಮತ್ತು ಮೇಣ ಬೆರೆತಂಥ ಒಂದು ವಾಸನೆ ಮೇಲೇಳುತ್ತದೆ. ಶಿವಮೊಗ್ಗದ ಅಜ್ಜನ ಮನೆಯಲ್ಲಿ ಪ್ರದೇಶ ಸಮಾಚಾರಕ್ಕೆ ಮುಂಚೆ ವಾಲ್ವ್ ರೇಡಿಯೊ ಬಿಸಿಯಾಗುತ್ತಿದ್ದಾಗ ಬರುತ್ತಿದ್ದ ವಾಸನೆಯೂ ಅದೇ. ಅಷ್ಟರಲ್ಲಿ ನಾನು ತಂತಿಗಳ ಶ್ರುತಿ ಸರಿಮಾಡಿಕೊಂಡಿರುತ್ತೇನೆ. ಎರಡು ಪಿಕಪ್‌ಗಳನ್ನೂ ಒಟ್ಟಿಗೆ ಇಟ್ಟರೆ ಡ್ಯಾನೆಲೆಕ್ಟ್ರೋದ ಜೋಡಣೆಯಲ್ಲಿ ಅವು ಒಂದರ ಹಿಂದೆ ಒಂದು ಸೇರಿಕೊಳ್ಳುವುದರಿಂದ ಧ್ವನಿ ತಟ್ಟನೆ ದಪ್ಪವಾಗುತ್ತದೆ, ಗಟ್ಟಿಯಾಗುತ್ತದೆ. ಸದ್ದನ್ನು ಒಂದೇ ಸಮನೆ ಏರಿಳಿಸುವ ಟ್ರೆಮೊಲೊದ ವೇಗವನ್ನು ತೀರ ಕೆಳಗಿಟ್ಟು ಒಂದೇ ಸ್ವರವನ್ನು ಮೀಟಿದರೆ ಅದು ಕೆರೆಯ ನೀರಿನಲ್ಲಿ ಬಿದ್ದ ಬೆಳಕಿನಂತೆ ಏರಿಳಿಯುತ್ತಾ ಸಾಗುತ್ತದೆ. ಮಲಗಿರುವ ಮಕ್ಕಳು ಏಳದಷ್ಟು ಸಣ್ಣ ಸದ್ದಿನಲ್ಲಿಯೂ ಇಷ್ಟು ತುಂಬಿದ ನಾದ ಕೊಡುವ ಮತ್ತೊಂದು ಆಂಪ್ ನನ್ನ ಕೈಗೆ ಸಿಕ್ಕಿಲ್ಲ.

ಕೊಂಡ ದಿನದಿಂದಲೇ ಹೀಗಿತ್ತು ಎಂದೇನೂ ಅಲ್ಲ. ಆನ್‌ಲೈನಿನಲ್ಲಿ ಮಾರಿದ ವ್ಯಕ್ತಿ ‘ಎಲ್ಲವೂ ಮೂಲ ಸ್ಥಿತಿಯಲ್ಲಿದೆ, ಚೆನ್ನಾಗಿ ಕೆಲಸ ಮಾಡುತ್ತದೆ’ ಎಂದು ಬರೆದಿದ್ದರು. ಮೊದಲರ್ಧ ನಿಜವಾಗಿತ್ತು, ಮತ್ತು ತೊಂದರೆಯೂ ಅದೇ ಆಗಿತ್ತು. ಪ್ಲಗ್ಗಿಗೆ ಎರಡೇ ಕಾಲು, ಅರ್ತಿಂಗ್ ಇಲ್ಲ. ಗಿಟಾರು ಹಿಡಿದು ನೀರಿನ ನಲ್ಲಿ ಮುಟ್ಟಿದರೆ ಬೆರಳ ತುದಿಯಲ್ಲಿ ಜುಂ ಎನ್ನುತ್ತಿತ್ತು. ಆಂಪಿನೊಳಗೆ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ಫಿಲ್ಟರ್ ಕೆಪಾಸಿಟರುಗಳು ಒಣಗಿಹೋಗಿದ್ದುದರಿಂದ 120 ಹರ್ಟ್ಜಿನ ಗುಂಯ್ ಸದ್ದೊಂದು ಸದಾ ಕೇಳಿಸುತ್ತಿತ್ತು. ಈ ದೇಶದ ವಿದ್ಯುತ್ತು 60 ಹರ್ಟ್ಜಿನದು, ಅದರ ಇಮ್ಮಡಿ 120. ಆ ಸದ್ದು ಗಿಟಾರಿನ ಯಾವ ಮನೆಗೂ ಸೇರದೆ ಎರಡು ಸ್ವರಗಳ ನಡುವೆ ನಿಲ್ಲುತ್ತದೆ. ಶ್ರುತಿ ಸೇರದ ತಂಬೂರಿಯನ್ನು ಹಿಂದೆ ಇಟ್ಟುಕೊಂಡು ಹಾಡಿದಂತಿತ್ತು ನನ್ನ ಮೊದಲ ತಿಂಗಳು. ಹಳೆಯ ಆಂಪುಗಳನ್ನು ಬಲ್ಲ ಒಬ್ಬರು ಮೂರು ಕಾಲಿನ ಪ್ಲಗ್ ಹಾಕಿ, ಕೆಪಾಸಿಟರುಗಳನ್ನು ಬದಲಿಸಿ 185 ಡಾಲರ್ ಪಡೆದರು. ಗಿಟಾರಿಗೆ ಕೊಟ್ಟಿದ್ದ 640 ಡಾಲರಿನ ಮೇಲೆ ಈ ಖರ್ಚನ್ನು ಸೇರಿಸದೆ ಯಾರೂ ಲೆಕ್ಕ ಹಾಕಬಾರದು.

ಇನ್ನು ಮೂರನೇ ತಂತಿ. ಮೂರನೇ ವರ್ಷದ ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ಬಂದಿದ್ದಳು. ಐವತ್ತು ವರ್ಷ ವೀಣೆ ನುಡಿಸಿದ ಕೈ ಅವಳದು. ನಾನು ಏನೋ ನುಡಿಸುತ್ತಿದ್ದಾಗ ತರಕಾರಿ ಹೆಚ್ಚುತ್ತಲೇ, ತಲೆ ಎತ್ತದೆ, ‘ಮೇಲೆ ಹೋದಾಗ ಗಾಂಧಾರ ಏರುತ್ತಿದೆ, ಮೇಳ ಕಟ್ಟಿಸಬೇಕು ನೋಡು’ ಎಂದಳು. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಸ್ವರಸ್ಥಾನ ತಪ್ಪಿದರೆ ಮೇಣವನ್ನು ಮೆದುಗೊಳಿಸಿ ಅವನ್ನು ಸರಿಯಾದ ಜಾಗದಲ್ಲಿ ಕೂರಿಸಬಹುದು. ಗಿಟಾರಿನ ಮೆಟ್ಟಿಲುಗಳಾದ ಫ್ರೆಟ್ಟುಗಳು ಅಲುಗುವುದಿಲ್ಲ, ಸರಿಮಾಡುವುದೇನಿದ್ದರೂ ತಂತಿಗಳನ್ನು ಹೊರುವ ಕುದುರೆಯಲ್ಲಿ. ಶ್ರುತಿಮಾಪಕ ಹಿಡಿದು ನೋಡಿದೆ: ಬೆರಳು ಒತ್ತದೆ ಬಿಟ್ಟ ತಂತಿ ಸರಿಯಾಗಿದ್ದರೂ 12ನೇ ಫ್ರೆಟ್ಟಿನಲ್ಲಿ ಮೂರನೇ ತಂತಿ 14 ಸೆಂಟ್ ಏರಿತ್ತು. ನೂರು ಸೆಂಟಿಗೆ ಒಂದು ಅರ್ಧಸ್ವರವಾದ್ದರಿಂದ ಅಂಕಿಯಲ್ಲಿ ಅದು ಸಣ್ಣದು, ಆದರೆ ಒಮ್ಮೆ ಕಿವಿಗೆ ಬಿದ್ದ ಮೇಲೆ ಬಿಡುವುದಿಲ್ಲ. ಅಲ್ಲಿಯವರೆಗೆ ಸುಖವಾಗಿದ್ದ ನಾನು ಅಂದಿನಿಂದ ಪ್ರತಿ ರಾತ್ರಿ ಅದನ್ನೇ ಕೇಳಿಸಿಕೊಳ್ಳತೊಡಗಿದೆ.

ಕುದುರೆಯನ್ನು ನೋಡಿದರೆ ಜುಗ್ಗತನ ಎಲ್ಲಿ ಮಿತಿಮೀರಿದೆ ಎಂಬುದು ತಿಳಿಯುತ್ತದೆ. ಒಂದು ತೆಳು ಲೋಹದ ತಗಡು, ಅದನ್ನು ಎತ್ತರಿಸಲು ಮೂರು ತಿರುಪು, ತಗಡಿನ ಮೇಲೆ ಬೀಟೆ ಮರದ ಒಂದು ಪಟ್ಟಿ. ಆರೂ ತಂತಿಗಳು ಆ ಒಂದೇ ಪಟ್ಟಿಯ ಮೇಲೆ ಕೂರುತ್ತವೆ, ಮತ್ತು ಪಟ್ಟಿಯನ್ನು ಹಿಡಿದಿರುವುದು ನಡುವಿನ ಒಂದೇ ತಿರುಪು. ಅದನ್ನು ಸಡಿಲಿಸಿ ಪಟ್ಟಿಯನ್ನು ಹಿಂದೆ ಮುಂದೆ ಸರಿಸಬಹುದು, ಓರೆ ಮಾಡಬಹುದು, ಅಷ್ಟೇ. ಒಂದು ತಂತಿಯನ್ನು ಸರಿಮಾಡಲು ಹೊರಟರೆ ಪಕ್ಕದ್ದು ಹದ ತಪ್ಪುತ್ತದೆ. ಒಂದು ಇಡೀ ಭಾನುವಾರವನ್ನು ನಾನು ಈ ತಿರುಪಿನ ಮುಂದೆ ಕಳೆದಿದ್ದೇನೆ. ಒಂದು ಅಂಗಡಿಯವರು ಆರು ತಂತಿಗೆ ಆರು ಬೇರೆ ಬೇರೆ ಹಿಡಿಕೆಗಳಿರುವ ಹೊಸ ಲೋಹದ ಕುದುರೆ ಹಾಕಿಕೊಡುವುದಾಗಿ ಹೇಳಿ, ನಾನು ಬೇಡವೆಂದಾಗ ‘ಆಟಿಕೆಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆ’ ಎಂದರು. ಆ ಸಿಟ್ಟಿನಲ್ಲಿ ಆರು ತಿಂಗಳು ಪೆಟ್ಟಿಗೆಯನ್ನೇ ತೆರೆಯಲಿಲ್ಲ; ಮಾರಾಟಕ್ಕೆ ಇಡಲು ಫೋಟೋ ಕೂಡ ತೆಗೆದಿದ್ದೆ.

ತಪ್ಪಿನಲ್ಲಿ ಅರ್ಧ ನನ್ನದು ಎಂಬುದು ಗೊತ್ತಾದದ್ದು ಆಮೇಲೆ. ಇಂದಿನ ಹಗುರ ತಂತಿಗಳ ಕಟ್ಟಿನಲ್ಲಿ ಮೂರನೆಯದು ಬರಿಯ ಉಕ್ಕಿನ ತಂತಿ. ಈ ಗಿಟಾರು ತಯಾರಾದ ಕಾಲದಲ್ಲಿ ಮೂರನೆಯದೂ ಸುತ್ತಿದ ತಂತಿಯಾಗಿರುವುದೇ ವಾಡಿಕೆಯಾಗಿತ್ತು: ಒಳಗೆ ತೆಳ್ಳನೆಯ ಎಳೆ, ಮೇಲೆ ಸುತ್ತಿದ ಲೋಹ. ಬೆರಳಿನಿಂದ ಒತ್ತಿದಾಗ ಶ್ರುತಿ ಎಷ್ಟು ಏರುತ್ತದೆ ಎಂಬುದನ್ನು ಬಹುಪಾಲು ಒಳಗಿನ ಎಳೆಯ ದಪ್ಪವೇ ನಿರ್ಧರಿಸುತ್ತದೆ. ದಪ್ಪನೆಯ ಬರಿ ತಂತಿ ಹೆಚ್ಚು ಏರುತ್ತದೆ, ಸುತ್ತಿದ್ದು ಕಡಿಮೆ. ಡೇನಿಯಲ್‌ನ ಓರೆ ಪಟ್ಟಿ ಆ ಹಳೆಯ ಕಟ್ಟಿಗೆ ಹೊಂದಿಕೊಳ್ಳುವಂಥದು. 11ರ ಕಟ್ಟೊಂದನ್ನು (ಮೊದಲ ತಂತಿ 0.011 ಅಂಗುಲ ದಪ್ಪವಿರುವಂಥದು), ಮೂರನೆಯದು ಸುತ್ತಿದ್ದೇ ಇರುವಂತೆ ಹುಡುಕಿ ತರಿಸಿ ಹಾಕಿದೆ. ಪಟ್ಟಿಯನ್ನು ಓರೆಗೆ ಕೂರಿಸಲೆಂದು ತಿರುಪು ಬಿಚ್ಚಿ ಎತ್ತಿದಾಗ ತಗಡಿನ ಮೇಲೆ ಸೂಜಿಯಿಂದ ಗೀಚಿದ ಸಣ್ಣ ಗೆರೆಯೊಂದು ಕಂಡಿತು. ಹಿಂದಿನ ಯಾರೋ ಒಬ್ಬರು ತಮ್ಮ ಹದವನ್ನು ಗುರುತು ಮಾಡಿಟ್ಟಿದ್ದರು. ಒಂದೂವರೆ ಗಂಟೆಯ ಪ್ರಯತ್ನದ ನಂತರ ನನ್ನ ಪಟ್ಟಿ ನಿಂತದ್ದು ಆ ಗೆರೆಯಿಂದ ಕೂದಲೆಳೆಯಷ್ಟು ದೂರದಲ್ಲಿ. ಮೂರನೇ ತಂತಿ ಈಗ 12ನೇ ಫ್ರೆಟ್ಟಿನಲ್ಲಿ 3 ಸೆಂಟ್ ಮಾತ್ರ ಏರುತ್ತದೆ. ಎರಡನೆಯದು ಸ್ವಲ್ಪ ಹೆಚ್ಚು, ಆದರೆ ಅದನ್ನು ಶ್ರುತಿ ಮಾಡುವಾಗಲೇ ತುಸು ಇಳಿಸಿಕೊಳ್ಳುತ್ತೇನೆ. ಇಂಥ ಕಳ್ಳ ಹೊಂದಾಣಿಕೆಗಳಿಲ್ಲದೆ ಹಳೆಯ ಗಿಟಾರುಗಳ ಜೊತೆ ಬಾಳಲಾಗುವುದಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಇದೆ. ಸುತ್ತಿದ ಮೂರನೇ ತಂತಿಯನ್ನು ಎಳೆದು ಸ್ವರ ಏರಿಸುವುದು ಕಷ್ಟ. ಮೊದಲು ಒಂದು ಮೆಟ್ಟಿಲಿನಲ್ಲೇ ನಿಂತು ಎರಡು ಸ್ವರ ದೂರ ಎಳೆಯುತ್ತಿದ್ದ ಬೆರಳು ಈಗ ಅರ್ಧಸ್ವರಕ್ಕೇ ಸೋಲುತ್ತದೆ. ನನ್ನ ಗಮಕಗಳೆಲ್ಲ ಎಳೆತದಿಂದ ಜಾರುವಿಕೆಗೆ ಬದಲಾಗಿವೆ. ಬ್ಲೂಸ್ ನುಡಿಸುವವರಿಗೆ ಇದು ದೊಡ್ಡ ನಷ್ಟ, ಅವರಿಗೆ ನಾನು ಈ ಗಿಟಾರನ್ನು ಸೂಚಿಸಲಾರೆ. ನಿಧಾನವಾಗಿ, ಜಾರುತ್ತಾ ನುಡಿಸುವವರಿಗೆ ಖಂಡಿತವಾಗಿ ಸೂಚಿಸುತ್ತೇನೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮ ಇಂಥದೇ ಒಂದನ್ನು ತಂದುಕೊಡು ಎಂದು ಕೇಳಿದ್ದ. ಗಿಟಾರು ಮಾತ್ರವಾದರೆ ತರುತ್ತೇನೆ, ಆಂಪ್ ಪೆಟ್ಟಿಗೆ ಬೇಡ ಎಂದೆ. 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ ಅಲ್ಲಿನ ವಿದ್ಯುತ್ತು 50 ಹರ್ಟ್ಜಿನದಾದ್ದರಿಂದ, 60 ಹರ್ಟ್ಜಿಗೆಂದು ಅಳೆದು ಸುತ್ತಿದ ಒಳಗಿನ ಹಳೆಯ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗುತ್ತದೆ. ಇಲ್ಲಿಯೇ ಕೊಳ್ಳುವವರು ಹಣ ಕೊಡುವ ಮುನ್ನ ಕುತ್ತಿಗೆ ನೆಟ್ಟಗಿದೆಯೇ ಎಂದು ನೋಡಲಿ, ಏಕೆಂದರೆ ಅದರೊಳಗಿನ ಉಕ್ಕಿನ ಪಟ್ಟಿಗಳನ್ನು ತಿರುಗಿಸಿ ಸರಿಮಾಡುವ ಅನುಕೂಲವೇ ಇಲ್ಲ. ಆಮೇಲೆ ಕುದುರೆಯ ನಡುವಿನ ತಿರುಪನ್ನು ಒಮ್ಮೆ ಬಿಚ್ಚಲು ಮಾರುವವರ ಅನುಮತಿ ಕೇಳಲಿ. ತುಕ್ಕು ಹಿಡಿದು ಅದು ತಿರುಗದಿದ್ದರೆ ಬೆಲೆಯಲ್ಲಿ ನೂರು ಡಾಲರ್ ಇಳಿಸಿಯೇ ಮಾತಿಗೆ ಕೂರಬೇಕು.