ಹೆಸರು ಎಣಿಸಲು ಯಾವ ಫಾರ್ಮುಲಾ? ಕೌಂಟ್‌ಎ, ಕೌಂಟ್‌ಇಫ್, ಸಮ್‌ಪ್ರಾಡಕ್ಟ್

ಮೊದಲೇ ಹೇಳಿಬಿಡುತ್ತೇನೆ: ಎಕ್ಸೆಲ್ ಪಟ್ಟಿಯಲ್ಲಿ ಹೆಸರು ಎಣಿಸಲು ನನ್ನ ಓಟು, ಷರತ್ತಿಗೆ ಹೊಂದುವ ಸೆಲ್‌ಗಳನ್ನು ಎಣಿಸುವ ಕೌಂಟ್‌ಇಫ್‌ಗೆ, ಅದರಲ್ಲೂ ಷರತ್ತಿನ ಜಾಗದಲ್ಲಿ "?*" ಹಾಕಿದ ಕೌಂಟ್‌ಇಫ್‌ಗೆ. ಈ ಒಲವು ಹುಟ್ಟಿದ್ದು 53 ಪ್ರಮಾಣಪತ್ರಗಳು ದಂಡವಾದ ಮೇಲೆ.

ತರಬೇತಿ ಶಿಬಿರಕ್ಕೆ ಹೆಸರು ಕೊಟ್ಟವರ ಪಟ್ಟಿ ಎಕ್ಸೆಲ್‌ನಲ್ಲಿತ್ತು, 240 ಸಾಲು. ಎಷ್ಟು ಪ್ರಮಾಣಪತ್ರ ಅಚ್ಚು ಹಾಕಿಸಬೇಕೆಂದು ತಿಳಿಯಲು, ಕೈಗೆ ರೂಢಿಯಾಗಿದ್ದ, ಭರ್ತಿ ಸೆಲ್‌ಗಳನ್ನು ಎಣಿಸುವ ಕೌಂಟ್‌ಎ ಬರೆದೆ. 240 ಎಂದಿತು. ಅಷ್ಟನ್ನೂ ಹಾಕಿಸಿದೆ. ಪಟ್ಟಿಯಲ್ಲಿದ್ದ ಹೆಸರುಗಳು 187. ಮಿಕ್ಕವನ್ನು ಮುಂದಿನ ಶಿಬಿರಕ್ಕೆ ಇಟ್ಟುಕೊಳ್ಳೋಣವೆಂದರೆ ದಿನಾಂಕವೂ ಅಚ್ಚಾಗಿತ್ತು.

ಆ ಹೆಸರಿನ ಕಾಲಂ ಕೈಯಿಂದ ತುಂಬಿದ್ದಲ್ಲ. ಇನ್ನೊಂದು ಹಾಳೆಯಲ್ಲಿ ಹೆಸರಿದ್ದರೆ ತಾ, ಇಲ್ಲದಿದ್ದರೆ "" (ಅಕ್ಷರವೇ ಇಲ್ಲದ ಪಠ್ಯ) ಇಡು ಎಂಬ ಫಾರ್ಮುಲಾ ಪ್ರತಿ ಸಾಲಿನಲ್ಲೂ ಕುಳಿತಿತ್ತು. ಕಣ್ಣಿಗೆ ಅದು ಖಾಲಿ ಸೆಲ್. ಕೌಂಟ್‌ಎ ಮಾತ್ರ ಒಳಗೆ ಫಾರ್ಮುಲಾ ಇದ್ದರೆ ಸಾಕು, ಸೆಲ್ ಭರ್ತಿ ಎನ್ನುತ್ತದೆ. ಅದೇ ಕಾಲಂ ಅನ್ನು ಖಾಲಿ ಸೆಲ್ ಎಣಿಸುವ ಕೌಂಟ್‌ಬ್ಲ್ಯಾಂಕ್‌ಗೆ ಕೊಟ್ಟೆ. 51 ಖಾಲಿ ಎಂದಿತು. 240 ಸಾಲಿನ ಪಟ್ಟಿಯಲ್ಲಿ 240 ಭರ್ತಿ, 51 ಖಾಲಿ! ಒಂದೇ "" ಒಬ್ಬರ ಲೆಕ್ಕದಲ್ಲಿ ಇದೆ, ಇನ್ನೊಬ್ಬರ ಲೆಕ್ಕದಲ್ಲಿ ಇಲ್ಲ. ಅಚ್ಚಿನ ಬಿಲ್ಲು ಮಾತ್ರ ನನ್ನ ಲೆಕ್ಕದಲ್ಲಿ.

ಕೌಂಟ್‌ಇಫ್‌ಗೆ ಬರೀ "*" ಕೊಟ್ಟು ನೋಡಿದೆ. ಸಂಖ್ಯೆಗಳನ್ನು ಬಿಟ್ಟು ಪಠ್ಯವನ್ನಷ್ಟೇ ಎಣಿಸುತ್ತದೆ, ನಿಜ. ಆದರೆ ಒಂದಕ್ಷರವೂ ಇಲ್ಲದ ಪಠ್ಯವೂ ಅದಕ್ಕೆ ಪಠ್ಯವೇ. ಮತ್ತೆ 240. ನಕ್ಷತ್ರದ ಹಿಂದೆ ಪ್ರಶ್ನಾರ್ಥಕ ಚಿಹ್ನೆ ಸೇರಿಸಿ "?*" ಮಾಡಿದೆ, ಅಂದರೆ ಕನಿಷ್ಠ ಒಂದಕ್ಷರವಾದರೂ ಇರಬೇಕು. 189 ಬಂತು.

ಹೆಚ್ಚಾದ ಆ ಎರಡರಲ್ಲಿ, ಯಾರೋ ಆ ಇನ್ನೊಂದು ಹಾಳೆಯಲ್ಲಿ ಹೆಸರು ಅಳಿಸಲು ಡಿಲೀಟ್ ಒತ್ತದೆ ಸ್ಪೇಸ್‌ಬಾರ್ ಒತ್ತಿದ್ದರು. ಸ್ಪೇಸ್ ಕೂಡ ಒಂದಕ್ಷರವೇ. (ಈ ಅಭ್ಯಾಸ ಇರುವವರಿಗೆ ಫೈಲನ್ನು ಓದಲು ಮಾತ್ರ ಕೊಡಬೇಕು.)

ಷರತ್ತುಗಳನ್ನು ಗುಣಿಸಿ ಕೂಡಿಸುವ ಸಮ್‌ಪ್ರಾಡಕ್ಟ್‌ನೊಳಗೆ, ಸೆಲ್‌ನಲ್ಲಿರುವುದು ಪಠ್ಯವೇ ಎಂದು ನೋಡುವ ಈಸ್‌ಟೆಕ್ಸ್ಟ್ ಇಟ್ಟರೂ ಉತ್ತರ 240. ಟ್ರಿಮ್ ಮಾಡಿದ ಮೇಲೆ, ಅಂದರೆ ಹೆಚ್ಚುವರಿ ಸ್ಪೇಸ್ ತೆಗೆದ ಮೇಲೆ, ಉದ್ದ ಸೊನ್ನೆಗಿಂತ ಹೆಚ್ಚಿರಬೇಕು ಎಂದು, ಉದ್ದ ಅಳೆಯುವ ಲೆನ್ ಷರತ್ತನ್ನೂ ಗುಣಿಸಿದಾಗ ಸರಿಯಾಗಿ 187 ಕೊಟ್ಟಿತು. ಕರಾರುವಾಕ್ಕಾದ ಉತ್ತರ, ಒಪ್ಪುತ್ತೇನೆ. ಆದರೆ ಆವರಣಗಳನ್ನು ಎಣಿಸಿ ಮುಚ್ಚುವಷ್ಟರಲ್ಲಿ ಹೆಸರುಗಳನ್ನೇ ಬೆರಳಿನಲ್ಲಿ ಎಣಿಸಬಹುದಿತ್ತು. ಜೊತೆಗೆ, ಕಾಲಂನಲ್ಲಿ ಎಲ್ಲೋ ಒಂದು ಸೆಲ್ ಎರರ್ ತೋರಿಸಿದರೆ ಒಟ್ಟು ಉತ್ತರವೂ ಎರರ್. ಕೌಂಟ್‌ಇಫ್ ಅಂಥ ಸೆಲ್ಲನ್ನು ದಾಟಿ ಮುಂದೆ ಹೋಗುತ್ತದೆ.

ಹಾಗಾಗಿ ಟ್ರಿಮ್ ಅನ್ನು ಹೆಸರು ತರುವ ಫಾರ್ಮುಲಾದಲ್ಲೇ ಸೇರಿಸಿಬಿಟ್ಟೆ. ಸ್ಪೇಸ್ ಅಲ್ಲೇ ಉದುರುತ್ತದೆ, ಎಣಿಸಲು "?*" ಸಾಕು. ಲಿಬ್ರೆಆಫೀಸ್ ಬಳಸುವವರು ಸೆಟ್ಟಿಂಗ್‌ನಲ್ಲಿ ವೈಲ್ಡ್‌ಕಾರ್ಡ್ ("?", "*" ನಂಥ ಚಿಹ್ನೆಗಳ ಬಳಕೆ) ಚಾಲೂ ಇದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ ಈ ಉಪಾಯ ನಡೆಯದು.

ಕೌಂಟ್‌ಎಯನ್ನು ಪೂರ್ತಿ ಬಿಟ್ಟಿಲ್ಲ. ಕೈಯಿಂದಲೇ ತುಂಬಿದ, ಫಾರ್ಮುಲಾ ಇಲ್ಲದ ಕಾಲಂಗೆ ಈಗಲೂ ಅದನ್ನೇ ಬರೆಯುತ್ತೇನೆ. ಬರೆಯುವ ಮುಂಚೆ ಖಾಲಿ ಕಾಣುವ ಒಂದು ಸೆಲ್ಲಿನ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಬಾರ್‌ನಲ್ಲಿ ಏನಾದರೂ ಅಡಗಿದೆಯೇ ಎಂದು ಇಣುಕುತ್ತೇನೆ.