ಬ್ಯಾಂಕ್ ಹಾಲಿಡೇಗೆ ಲಂಡನ್‌ನಿಂದ ಗ್ಲಾಸ್ಗೋ: ಯಾವ ದಾರಿ ಹಿಡಿಯೋದು?

ನಮ್ಮಲ್ಲಿ ದಸರಾ, ದೀಪಾವಳಿ ಬಂತು ಅಂದರೆ ರೈಲ್ವೆಯವರು ವಿಶೇಷ ರೈಲು ಬಿಡುತ್ತಾರೆ. ಬ್ರಿಟನ್ನಿನಲ್ಲಿ ಉಲ್ಟಾ. ಇಲ್ಲಿ ಬ್ಯಾಂಕ್ ಹಾಲಿಡೇ ಅನ್ನುವ ಸಾರ್ವಜನಿಕ ರಜೆ ಬಂದು ಸೋಮವಾರ ಸೇರಿ ಮೂರು ದಿನ ಸಿಕ್ಕಿತು ಅಂದರೆ ಹಳಿ ಬಿಚ್ಚುತ್ತಾರೆ. ರಜೆಯಲ್ಲಿ ಆಫೀಸಿಗೆ ಓಡುವವರು ಕಡಿಮೆ. ಹಾಗಾಗಿ ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್ ದೊಡ್ಡ ದೊಡ್ಡ ರಿಪೇರಿಗಳನ್ನು ಈಸ್ಟರ್, ಮೇ ತಿಂಗಳ ಎರಡು ಸೋಮವಾರ, ಆಗಸ್ಟ್ ಕೊನೆಯ ಸೋಮವಾರ, ಕ್ರಿಸ್‌ಮಸ್ ಇವಕ್ಕೆ ಎತ್ತಿಡುತ್ತದೆ. ಲೆಕ್ಕವೇನೋ ಸರಿ. ಆದರೆ ದೂರದ ನೆಂಟರ ಮನೆಗೆ ಹೋಗುವವರು ಹೊರಡುವುದೂ ಅದೇ ದಿನಗಳಲ್ಲೇ ಅಲ್ವಾ?

ನಾವಿರುವುದು ಲಂಡನ್ನಿನಲ್ಲಿ, ತಂಗಿಯ ಮನೆ ಗ್ಲಾಸ್ಗೋದಲ್ಲಿ. ಬೇರೆ ಬೇರೆ ರಜೆಗಳಲ್ಲಿ ಬೇರೆ ಬೇರೆ ದಾರಿ ಹಿಡಿದು ನೋಡಿದ್ದೇನೆ: ಯೂಸ್ಟನ್‌ನಿಂದ ಪಶ್ಚಿಮದ ಹಳಿ, ಕಿಂಗ್ಸ್ ಕ್ರಾಸ್‌ನಿಂದ ಪೂರ್ವದ ಹಳಿ, ರಾತ್ರಿಯ ಸ್ಲೀಪರ್, ಲೀಡ್ಸ್ ಮೇಲೆ ಸುತ್ತು ದಾರಿ. ಒಮ್ಮೆ ಕೋಚ್ ಬಸ್ಸು ಕೂಡ. ಯಾವುದು ಬೇಗ, ಯಾವುದು ಅಗ್ಗ ಅಂತ ಎಲ್ಲರೂ ಕೇಳುತ್ತಾರೆ. ರಜೆ ವಾರಾಂತ್ಯಕ್ಕೆ ನಾನು ಮೊದಲು ನೋಡುವುದು ಬೇರೆ. ಕೆಲಸ ಕೆಟ್ಟರೆ ಈ ದಾರಿಯಲ್ಲಿ ನಾನು ಎಲ್ಲಿ ಸಿಕ್ಕಿಕೊಳ್ಳುತ್ತೇನೆ, ಅಲ್ಲಿಂದ ಹೊರಗೆ ಬರಲು ಇನ್ನೊಂದು ಹಳಿ ಇದೆಯಾ?

ಪಶ್ಚಿಮದ ದಾರಿಯಿಂದ ಶುರು ಮಾಡುತ್ತೇನೆ. ಯೂಸ್ಟನ್‌ನಿಂದ ಗ್ಲಾಸ್ಗೋ ಸೆಂಟ್ರಲ್‌ಗೆ 401 ಮೈಲಿ. ಎಲ್ಲ ಸರಿಯಿದ್ದರೆ ಅವಂತಿ ಕಂಪನಿಯ ರೈಲು ನಾಲ್ಕೂವರೆ ಗಂಟೆ ಆಸುಪಾಸಿನಲ್ಲಿ, ಎಲ್ಲೂ ಬದಲಾಯಿಸದೆ ತಲುಪಿಸುತ್ತದೆ. ವಾರದ ಮಾಮೂಲಿ ದಿನಗಳಲ್ಲಿ ಇದಕ್ಕಿಂತ ಸುಲಭದ ದಾರಿ ಇಲ್ಲ. ತಿರುವುಗಳಲ್ಲಿ ವಾಲುವ ಪೆಂಡಲಿನೋ ರೈಲು ಇದು. ಕೆಲವರಿಗೆ ಹೊಟ್ಟೆ ತೊಳಸುತ್ತದೆ, ನನಗೆ ಏನೂ ಆಗುವುದಿಲ್ಲ.

ತೊಂದರೆ ಇರುವುದು ಪ್ರೆಸ್ಟನ್‌ನಿಂದ ಕಾರ್ಲೈಲ್ ನಡುವೆ. ಸುಮಾರು 90 ಮೈಲಿ, ಶಾಪ್ ಅನ್ನುವ ಊರಿನ ಬಳಿ ಕಡಿದಾದ ಏರು, ಎಡಕ್ಕೆ ಲೇಕ್ ಡಿಸ್ಟ್ರಿಕ್ಟ್ ಬೆಟ್ಟಗಳು. ನೋಡಲು ಬಲು ಚಂದ. ಆದರೆ ಆ ತುಂಡು ಮುಚ್ಚಿದರೆ ಪೆಂಡಲಿನೋಗೆ ಬೇರೆ ದಾರಿ ಇಲ್ಲ, ಅದು ಕರೆಂಟ್ ತಂತಿ ಇರುವಲ್ಲಿ ಮಾತ್ರ ಓಡುವ ಗಾಡಿ. ಪಕ್ಕದ ಬೆಟ್ಟದ ಹಳಿಗೆ ತಂತಿಯೇ ಇಲ್ಲ. ಹಾಗಾಗಿ ಎಲ್ಲರನ್ನೂ ಇಳಿಸಿ ಬಸ್ಸಿಗೆ ಹತ್ತಿಸುತ್ತಾರೆ. ಬಸ್ಸು ಹೋಗುವುದು ಎಂ6 ಹೆದ್ದಾರಿಯಲ್ಲಿ. ರಜೆ ದಿನ ಅದೇ ಎಂ6ನಲ್ಲಿ ಕ್ಯಾರವಾನ್ ಕಟ್ಟಿಕೊಂಡು ಅರ್ಧ ಇಂಗ್ಲೆಂಡ್ ಲೇಕ್ ಡಿಸ್ಟ್ರಿಕ್ಟಿಗೆ ಹೊರಟಿರುತ್ತದೆ. ರೈಲಿನಲ್ಲಿ ಒಂದು ಗಂಟೆ ಚಿಲ್ಲರೆಯ ದಾರಿ ಬಸ್ಸಿನಲ್ಲಿ ಎರಡು ಗಂಟೆಯಾದರೂ ಹಿಡಿಯುತ್ತದೆ. ಜಾಮ್ ಸಿಕ್ಕಿದರೆ ಅದೂ ಹೇಳುವ ಹಾಗಿಲ್ಲ.

ಅಮ್ಮ ಶಿವಮೊಗ್ಗದಿಂದ ಬಂದಿದ್ದ ವರ್ಷ ನಾವು ಹೀಗೇ ಪ್ರೆಸ್ಟನ್‌ನಲ್ಲಿ ಇಳಿದೆವು. ಸ್ಟೇಷನ್ ಹೊರಗೆ ಕಿತ್ತಳೆ ಜಾಕೆಟ್ಟಿನ ಒಬ್ಬಾತ ಕೈಯಲ್ಲಿ ಹಾಳೆ ಹಿಡಿದು ಕೂಗುತ್ತಿದ್ದ. ನೋಡಲು ಒಂದೇ ಕ್ಯೂ. ಆದರೆ ನಿಜಕ್ಕೂ ಎರಡು ಬಸ್ಸು: ಒಂದು ಸೀದಾ ಕಾರ್ಲೈಲ್‌ಗೆ, ಇನ್ನೊಂದು ಲ್ಯಾಂಕಾಸ್ಟರ್, ಆಕ್ಸೆನ್‌ಹೋಮ್, ಪೆನ್ರಿತ್ ಎಲ್ಲ ಕಡೆ ಹೊಕ್ಕು ಹೋಗುವುದು. ಹತ್ತಿರ ಹೋಗಿ ಕೇಳಿದವರಿಗಷ್ಟೇ ಅದು ಗೊತ್ತಾಗುತ್ತಿತ್ತು. ಸೀದಾ ಬಸ್ಸೇ ಸಿಕ್ಕಿತು, ಆದರೆ ಅಮ್ಮನಿಗೆ ಮಂಡಿ ನೋವು, ಆ ಎತ್ತರದ ಮೆಟ್ಟಿಲು ಹತ್ತುವುದೇ ಒಂದು ಸಾಹಸವಾಯಿತು. ಕೂತ ಮೇಲೆ ಪುಳಿಯೋಗರೆ ಡಬ್ಬಿ ಬಿಚ್ಚಿ, "ಇದಕ್ಕಿಂತ ನಮ್ಮ ಶಿವಮೊಗ್ಗ ಬೆಂಗಳೂರು ಬಸ್ಸೇ ವಾಸಿ ಕಣೋ" ಅಂದರು.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದೊಂದು ತಿಳಿದಿರಿ. ಪ್ಯಾಸೆಂಜರ್ ಅಸಿಸ್ಟ್ ಅನ್ನುವ ಉಚಿತ ಸೇವೆ ಇದೆ, ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಹೇಳಿದರೂ ಸಾಕು. ಬದಲಿ ಬಸ್ಸು ಹತ್ತಲು ಆಗದವರಿಗೆ ಟ್ಯಾಕ್ಸಿ ವ್ಯವಸ್ಥೆ ಮಾಡಿಕೊಡಿ ಅಂತ ಅಲ್ಲೇ ಕೇಳಬಹುದು. ಗಾಲಿಕುರ್ಚಿ ಬೇಕಾದವರಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ.

ಪೂರ್ವದ ದಾರಿ ಕಾಗದದ ಮೇಲೆ ಹಿಂದೆ. ಕಿಂಗ್ಸ್ ಕ್ರಾಸ್‌ನಿಂದ ಎಡಿನ್‌ಬರೋಗೆ 393 ಮೈಲಿ, ಅದಕ್ಕೂ ನಾಲ್ಕೂವರೆ ಗಂಟೆ ಆಸುಪಾಸು. ಅಲ್ಲಿ ಇಳಿದು ಗ್ಲಾಸ್ಗೋ ಕ್ವೀನ್ ಸ್ಟ್ರೀಟ್‌ಗೆ ಇನ್ನೊಂದು ರೈಲು, ಮುಕ್ಕಾಲು ಗಂಟೆ ಮೇಲೆ. ಒಂದು ಬದಲಾವಣೆ, ಒಂದು ಗಂಟೆ ಹೆಚ್ಚು. ಆದರೂ ರಜೆ ವಾರಾಂತ್ಯಕ್ಕೆ ನನ್ನ ಮೊದಲ ಓಟು ಇದಕ್ಕೇ.

ಕಾರಣ ರೈಲಿನ ಹೊಟ್ಟೆಯೊಳಗಿದೆ. ಈ ಹಳಿಯ ಮುಖ್ಯ ಕಂಪನಿ ಎಲ್‌ಎನ್‌ಇಆರ್‌ನ ಅಜುಮಾ ರೈಲುಗಳಲ್ಲಿ ಮೂರರಲ್ಲಿ ಒಂದರಷ್ಟು ಕರೆಂಟಿನಲ್ಲೂ ಓಡುತ್ತವೆ, ಡೀಸೆಲ್‌ನಲ್ಲೂ ಓಡುತ್ತವೆ. ಪೀಟರ್‌ಬರೋದಿಂದ ಡಾನ್‌ಕಾಸ್ಟರ್ ನಡುವೆ ಮುಖ್ಯ ಹಳಿ ಮುಚ್ಚಿದರೆ ಅಂಥವು ಲಿಂಕನ್ ಮೇಲೆ ಸುತ್ತಿ ಹೋಗಬಲ್ಲವು. ಅಲ್ಲಿ ತಂತಿ ಇಲ್ಲ, ಇವಕ್ಕೆ ಬೇಕಾಗಿಯೂ ಇಲ್ಲ. ಲಂಡನ್ ಹತ್ತಿರ ವೆಲ್ವಿನ್ ಸೇತುವೆಯ ಕಡೆ ಕೆಲಸ ಇದ್ದರೆ ಹರ್ಟ್‌ಫರ್ಡ್ ಮೇಲೆ ತಿರುಗುತ್ತವೆ. ತಡ ಆಗುತ್ತದೆ, ಆದರೆ ನೀವು ಕೂತ ಸೀಟಿನಲ್ಲೇ ಕೂತಿರುತ್ತೀರಿ, ಸಾಮಾನು ತಲೆ ಮೇಲೇ ಇರುತ್ತದೆ. ಬಸ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಅದೇ ಹಳಿಯ ಮೇಲೆ ಎಡಿನ್‌ಬರೋಗೆ ಹೋಗುವ ಲೂಮೋ ಅನ್ನುವ ಇನ್ನೊಂದು ಕಂಪನಿಯ ರೈಲು 2021ರಲ್ಲಿ ಶುರುವಾಯಿತು. ಟಿಕೆಟ್ ಅಗ್ಗ, ಫಸ್ಟ್ ಕ್ಲಾಸ್ ಗೊಡವೆ ಇಲ್ಲ. ಒಬ್ಬನೇ ಹೋಗುವಾಗ ನನಗೆ ಇಷ್ಟ. ಆದರೆ ಅದು ಬರೀ ಕರೆಂಟ್ ಗಾಡಿ. ಸುತ್ತು ದಾರಿ ಹಾಕಿರುವ ವಾರಾಂತ್ಯದಲ್ಲಿ ಅಗ್ಗದ ಟಿಕೆಟ್ ನೋಡಿ ಹಿಗ್ಗುವ ಮೊದಲು ಲಿಂಕನ್ ದಾರಿಯ ವಿಷಯ ನೆನಪಿಡಿ.

ಇನ್ನೊಂದು ಅನುಕೂಲ ನ್ಯೂಕಾಸಲ್. ಅಲ್ಲಿಂದ ಹೇಡ್ರಿಯನ್ ಗೋಡೆಯ ಪಕ್ಕದಲ್ಲೇ ಕಾರ್ಲೈಲ್‌ಗೆ ಅಡ್ಡ ಹಳಿ ಇದೆ, ಒಂದೂವರೆ ಗಂಟೆ. ಪೂರ್ವದಲ್ಲಿ ಬೆರಿಕ್ ಆಚೆ ಏನಾದರೂ ಎಡವಟ್ಟಾದರೆ ನ್ಯೂಕಾಸಲ್‌ನಲ್ಲಿ ಇಳಿದು ಪಶ್ಚಿಮಕ್ಕೆ ಜಾರಿಕೊಳ್ಳಬಹುದು. ಪ್ರೆಸ್ಟನ್ ಕಾರ್ಲೈಲ್ ಮುಚ್ಚಿರುವಾಗಲೂ ಇದೇ ಉಪಾಯ. ಹಾಗೆ ಪ್ರೆಸ್ಟನ್‌ನಲ್ಲಿ ಸಿಕ್ಕಿಬಿದ್ದವರಿಗೆ ಇಂಥ ಅಡ್ಡ ಹಳಿ ಹತ್ತಿರದಲ್ಲಿ ಇಲ್ಲ.

ಪೂರ್ವದ ದಾರಿಯ ಮೇಲೆ ನನ್ನ ತಕರಾರು ಟಿಕೆಟ್ ವಿಷಯದಲ್ಲಿ. 2024ರ ಫೆಬ್ರವರಿಯಿಂದ ಲಂಡನ್ ಎಡಿನ್‌ಬರೋ ನಡುವೆ ಎಲ್‌ಎನ್‌ಇಆರ್‌ನಲ್ಲಿ ಹಳೆಯ ಆಫ್ ಪೀಕ್ ಟಿಕೆಟ್, ಅಂದರೆ ಜನಸಂದಣಿ ಇಲ್ಲದ ಹೊತ್ತಿನ ಯಾವ ರೈಲಿಗಾದರೂ ಆಗುವ ಟಿಕೆಟ್, ಇಲ್ಲ. ಒಂದೇ ರೈಲಿಗೆ ಕಟ್ಟಿಹಾಕುವ ಅಡ್ವಾನ್ಸ್, 70 ನಿಮಿಷ ಹಿಂದೆ ಮುಂದೆ ಹೋಗಬಹುದಾದ ಫ್ಲೆಕ್ಸ್, ಇಲ್ಲವೇ ಯಾವ ಹೊತ್ತಿಗಾದರೂ ಆಗುವ ದುಬಾರಿ ಎನಿಟೈಮ್. ಪಶ್ಚಿಮದಲ್ಲಿ ಆಫ್ ಪೀಕ್ ಇನ್ನೂ ಇದೆ. ಅದಿದ್ದರೆ ಬೆಳಿಗ್ಗೆ ಎದ್ದು ಸುದ್ದಿ ನೋಡಿ, ಜನಜಂಗುಳಿ ನೋಡಿ, ಮುಂದಿನ ರೈಲಿಗೆ ಹೋಗೋಣ ಅಂತ ಆರಾಮಾಗಿ ನಿರ್ಧರಿಸಬಹುದು. ರಜೆ ದಿನ ಈ ಸ್ವಾತಂತ್ರ್ಯಕ್ಕೆ ಬೆಲೆ ಇದೆ. ಹಾಗಾಗಿ ಪಶ್ಚಿಮದ ಹಳಿ ಪೂರ್ತಿ ತೆರೆದಿದೆ ಅಂತ ಖಾತ್ರಿಯಾದರೆ ಮಾತ್ರ ನನ್ನ ಓಟು ಬದಲಾಗುತ್ತದೆ. ಯೂಸ್ಟನ್‌ನಿಂದ ಕಿಂಗ್ಸ್ ಕ್ರಾಸ್‌ಗೆ ನಡೆದರೆ ಹದಿನೈದು ನಿಮಿಷ, ಮನಸ್ಸು ಬದಲಾಯಿಸುವುದಕ್ಕೆ ದೂರ ಅಡ್ಡಿಯಲ್ಲ, ಟಿಕೆಟ್ ಅಡ್ಡಿ.

ಆಗಸ್ಟ್ ಕೊನೆಯಲ್ಲಿ ಎಡಿನ್‌ಬರೋದಲ್ಲಿ ಫ್ರಿಂಜ್ ಉತ್ಸವದ ಜನ. ವೇವರ್ಲಿ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೀಟು ಕಾದಿರಿಸದೆ ಹೊರಡಲೇಬೇಡಿ. ಅಂದಹಾಗೆ, ಆ ಸೋಮವಾರ ಸ್ಕಾಟ್ಲೆಂಡಿನಲ್ಲಿ ರಜೆಯೇ ಅಲ್ಲ, ಅವರ ರಜೆ ಆಗಸ್ಟ್ ಮೊದಲ ಸೋಮವಾರ. ತಂಗಿ ಫೋನಿನಲ್ಲಿ "ಅಣ್ಣ, ನೀನು ಬಾ, ಕೀ ಪಕ್ಕದ ಮನೇಲಿ ಕೊಟ್ಟಿರ್ತೀನಿ, ನನಗೆ ಡ್ಯೂಟಿ ಇದೆ" ಅಂದದ್ದು ಈ ಗೊಂದಲದಿಂದಲೇ.

ಸ್ಲೀಪರ್ ಬಗ್ಗೆ ಜನ ಕನಸು ಕಾಣುವುದು ಜಾಸ್ತಿ. ಕ್ಯಾಲಿಡೋನಿಯನ್ ಸ್ಲೀಪರ್ ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ಯೂಸ್ಟನ್ ಬಿಡುತ್ತದೆ, ಬೆಳಿಗ್ಗೆ ಏಳೂವರೆ ಹೊತ್ತಿಗೆ ಗ್ಲಾಸ್ಗೋ. ಕಾರ್‌ಸ್ಟೇರ್ಸ್ ಅನ್ನುವ ಜಾಗದಲ್ಲಿ ರೈಲನ್ನು ಎರಡು ಮಾಡಿ ಒಂದನ್ನು ಎಡಿನ್‌ಬರೋಗೆ, ಒಂದನ್ನು ಗ್ಲಾಸ್ಗೋಗೆ ಕಳಿಸುತ್ತಾರೆ. ಆ ಹೊತ್ತಿಗೆ ಒಂದು ಧಡಕ್ ಆಗುತ್ತದೆ, ಎಚ್ಚರ ಆಗುವವರಿಗೆ ಆಗುತ್ತದೆ. ಕ್ಲಾಸಿಕ್ ರೂಮಿನಲ್ಲಿ ಮೇಲೊಂದು ಕೆಳಗೊಂದು ಬರ್ತ್, ಒಂದು ಪುಟ್ಟ ವಾಷ್‌ಬೇಸಿನ್. ಶವರ್ ಬೇಕಾದರೆ ಕ್ಲಬ್ ರೂಮಿಗೆ ದುಡ್ಡು ತೆರಬೇಕು. ನಮ್ಮ ಥ್ರೀ ಟಯರ್‌ನಲ್ಲಿ ಮಲಗಿ ಬೆಳೆದವರಿಗೆ ಇದು ಅರಮನೆ, ಬೆಲೆಯೂ ಹಾಗೇ ಇದೆ. ಬರೀ ಸೀಟು ತಗೊಂಡರೆ ಅಗ್ಗ, ಆದರೆ ಮಾರನೇ ದಿನ ಕುತ್ತಿಗೆ ನಿಮ್ಮದಾಗಿರುವುದಿಲ್ಲ.

ರಜೆ ವಾರಾಂತ್ಯದ ದೃಷ್ಟಿಯಿಂದ ಎರಡು ಮಾತು. ಶನಿವಾರ ರಾತ್ರಿ ಸ್ಲೀಪರ್ ಓಡುವುದೇ ಇಲ್ಲ. ಇನ್ನು ಪಶ್ಚಿಮದ ಹಳಿ ಮುಚ್ಚಿದ್ದರೆ ಸಾಧ್ಯವಾದಾಗ ಪೂರ್ವದ ಹಳಿ ಹಿಡಿದು ಹೋಗುತ್ತದೆ, ಯಾಕೆಂದರೆ ಇದನ್ನು ಎಳೆಯುವುದು ಬೇರೆಯದೇ ಇಂಜಿನ್. ನೀವು ನಿದ್ದೆಯಲ್ಲಿ ಇರುತ್ತೀರಿ, ಯಾವ ಹಳಿಯಾದರೇನು. ಗುರುವಾರ ರಾತ್ರಿಯೇ ಹೊರಟುಬಿಡುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬುಕಿಂಗ್ ಉಳಿದ ರೈಲುಗಳಿಗಿಂತ ಬಹಳ ಮುಂಚೆ ತೆರೆಯುತ್ತದೆ, ರಜೆಯ ರೂಮುಗಳು ಖಾಲಿಯಾಗುವುದೂ ಹಾಗೇ.

ಸುತ್ತು ದಾರಿ ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಎಲ್ಲರಿಗೂ ಹೇಳುವುದಿಲ್ಲ. ಕಿಂಗ್ಸ್ ಕ್ರಾಸ್‌ನಿಂದ ಲೀಡ್ಸ್, ಲೀಡ್ಸ್‌ನಿಂದ ಸೆಟಲ್ ಮೇಲೆ ಕಾರ್ಲೈಲ್, ಅಲ್ಲಿಂದ ಗ್ಲಾಸ್ಗೋ. ನಡುವಿನ ತುಂಡು 1876ರಲ್ಲಿ ಪ್ರಯಾಣಿಕರಿಗೆ ತೆರೆದ ಹಳಿ. ರಿಬಲ್‌ಹೆಡ್‌ನಲ್ಲಿ 24 ಕಮಾನುಗಳ ಸೇತುವೆ. ಮುಂದೆ ಡೆಂಟ್, ಇಂಗ್ಲೆಂಡಿನ ಮುಖ್ಯ ಹಳಿಗಳಲ್ಲೇ ಅತಿ ಎತ್ತರದ ಸ್ಟೇಷನ್, 350 ಮೀಟರ್. ಸ್ಟೇಷನ್ನಿನಿಂದ ಡೆಂಟ್ ಊರಿಗೆ ಮಾತ್ರ ನಾಲ್ಕು ಮೈಲಿಗೂ ಮೇಲೆ. ಅಲ್ಲಿ ಹೊರಗೆ ನೋಡಿದರೆ ಕಲ್ಲಿನ ಗೋಡೆ, ಕುರಿ, ಮಳೆ, ಮತ್ತೆ ಕುರಿ. ಲೀಡ್ಸ್‌ನಿಂದ ಕಾರ್ಲೈಲ್‌ಗೆ ಮೂರು ಗಂಟೆಗೆ ಸ್ವಲ್ಪ ಕಮ್ಮಿ. ನಾರ್ದರ್ನ್ ಕಂಪನಿಯ ಚಿಕ್ಕ ಡೀಸೆಲ್ ರೈಲು, ಬೋಗಿ ಕಮ್ಮಿ, ಬೆಟ್ಟ ಹತ್ತಲು ಹೊರಟವರ ಚೀಲಗಳೇ ಜಾಸ್ತಿ. ಭಾನುವಾರ ರೈಲುಗಳೂ ಕಡಿಮೆ, ಒಂದು ತಪ್ಪಿದರೆ ಕಾರ್ಲೈಲ್ ಸೇರುವ ಹೊತ್ತಿಗೆ ಮುಂದಿನದೂ ತಪ್ಪುತ್ತದೆ. ಮಕ್ಕಳು, ದೊಡ್ಡ ಸೂಟ್‌ಕೇಸ್ ಇದ್ದರೆ ಬೇಡ. ಒಂದು ಬ್ಯಾಗು, ಒಂದು ಫ್ಲಾಸ್ಕ್ ಕಾಫಿ ಇದ್ದರೆ ಖಂಡಿತ ಹೋಗಿ. ಬೇರೆ ಬೇರೆ ಟಿಕೆಟ್ ತುಂಡು ತುಂಡಾಗಿ ತಗೊಂಡರೂ, ರೈಲು ಬದಲಾಯಿಸಲು ಬೇಕಾದಷ್ಟು ಸಮಯ ಇಟ್ಟುಕೊಂಡಿದ್ದರೆ ನಿಯಮದ ಪ್ರಕಾರ ಅದು ಒಂದೇ ಪ್ರಯಾಣ. ತಡವಾದರೆ ಮುಂದಿನ ರೈಲಿಗೆ ಬಿಡಬೇಕು.

ಕೋಚ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಕ್ಟೋರಿಯಾದಿಂದ ರಾತ್ರಿ ಹೊರಟು ಬೆಳಿಗ್ಗೆ ಬ್ಯೂಕ್ಯಾನನ್ ಬಸ್ ನಿಲ್ದಾಣ. ಅಗ್ಗ. ಇಪ್ಪತ್ತರ ವಯಸ್ಸಿನವರಿಗೆ ಸರಿ. ವಿಮಾನಕ್ಕೆ ಗಾಳಿಯಲ್ಲಿ ಒಂದೂಕಾಲು ಗಂಟೆ, ನೆಲದ ಮೇಲೆ ಮಿಕ್ಕ ಅರ್ಧ ದಿನ. ಅಮ್ಮ ಕಟ್ಟಿಕೊಟ್ಟ ಸಾರಿನ ಪುಡಿ, ಹಪ್ಪಳದ ಡಬ್ಬಕ್ಕೆ ರೈಲಿನಲ್ಲಿ ಯಾರೂ ದುಡ್ಡು ಕೇಳುವುದಿಲ್ಲ.

ದಾರಿ ಯಾವುದೇ ಇರಲಿ, ಬುಕಿಂಗ್ ಬಗ್ಗೆ ಒಂದು ವಿಷಯ. ನಮ್ಮಲ್ಲಿ ಈಗ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ಆ ದಿನ ಬೆಳಿಗ್ಗೆ ಎದ್ದು ಕೂತರೆ ಆಯಿತು. ಇಲ್ಲಿ ಸಾಮಾನ್ಯವಾಗಿ 12 ವಾರ ಮುಂಚೆ ಅನ್ನುತ್ತಾರೆ, ಆದರೆ ರಜೆ ವಾರಾಂತ್ಯದ ವೇಳಾಪಟ್ಟಿ ಬರುವುದು ಎಷ್ಟೋ ಸಲ ತಡ. ಟಿಕೆಟ್ ಕಾಣುತ್ತಿಲ್ಲ ಅಂದರೆ ಖಾಲಿಯಾಗಿದೆ ಅಂತಲ್ಲ, ಇನ್ನೂ ಬಿಟ್ಟಿಲ್ಲ ಅಂತ. ಮೊದಲು ನ್ಯಾಷನಲ್ ರೈಲ್‌ನ ಮುಂದಿನ ಎಂಜಿನಿಯರಿಂಗ್ ಕೆಲಸಗಳ ಪುಟ ನೋಡಿ. ಆಮೇಲೆ ಪ್ಲಾನರ್‌ನಲ್ಲಿ ಬಸ್ಸಿನ ಚಿತ್ರ ಬಂದಿದೆಯಾ, ನಾಲ್ಕೂವರೆ ಗಂಟೆಯ ದಾರಿ ಏಳು ಗಂಟೆ ತೋರಿಸುತ್ತಿದೆಯಾ ನೋಡಿ. ಹೊರಡುವ ದಿನ ರಿಯಲ್‌ಟೈಮ್ ಟ್ರೇನ್ಸ್ ತೆರೆದಿಟ್ಟುಕೊಳ್ಳಿ, ರೈಲು ಯಾವ ಊರು ದಾಟಿತು ಅಂತ ನಿಮಿಷ ನಿಮಿಷಕ್ಕೂ ಹೇಳುತ್ತದೆ. ರೈಲು ರದ್ದಾಗಿ ನೀವು ಹೋಗದೇ ಇದ್ದರೆ ಅಡ್ವಾನ್ಸ್ ಟಿಕೆಟ್ಟಿನ ಪೂರ್ತಿ ಹಣ ವಾಪಸ್ ಬರುತ್ತದೆ. ತಡವಾಗಿ ತಲುಪಿದರೆ 28 ದಿನದೊಳಗೆ ಡಿಲೇ ರಿಪೇ ಅನ್ನುವ ಪರಿಹಾರ ಕೇಳಿ, ಒಂದು ಗಂಟೆ ಮೀರಿದರೆ ಹೋಗುವ ಟಿಕೆಟ್ಟಿನ ಹಣವೆಲ್ಲ ಸಿಗುತ್ತದೆ. ಒಂದು ಎಚ್ಚರಿಕೆ: ಲೆಕ್ಕ ಹಾಕುವುದು ಆ ದಿನದ ಬದಲಾದ ವೇಳಾಪಟ್ಟಿಯ ಮೇಲೆ. ಬಸ್ಸಿನ ಸಮಯ ಅದರಲ್ಲಿ ಮೊದಲೇ ಸೇರಿದ್ದರೆ ಅದಕ್ಕೆ ಕಾಸು ಬರುವುದಿಲ್ಲ.

ವಾಪಸ್ ಬರುವ ದಿನ ಎಲ್ಲಕ್ಕಿಂತ ಕಷ್ಟ. ಸೋಮವಾರ ಸಂಜೆ ಎಲ್ಲರೂ ಬರುತ್ತಾರೆ, ನಿಲ್ಲಲು ಜಾಗ ಇಲ್ಲ. ಮಂಗಳವಾರ ಬೆಳಗಿನ ಮೊದಲ ರೈಲು ಹಿಡಿಯೋಣ ಅಂದರೆ ಅಲ್ಲೂ ಒಂದು ಭಯ: ಕೆಲಸ ಸಮಯಕ್ಕೆ ಮುಗಿಯದಿದ್ದರೆ ಮೊದಲು ಪೆಟ್ಟು ತಿನ್ನುವುದು ಆ ರೈಲೇ. 2014ರ ಡಿಸೆಂಬರ್ 27ರಂದು ಸ್ಟೇಷನ್ನಿಗೆ ಹತ್ತಿರದ ಹಾಲೋವೇ ಬಳಿಯ ಹಳಿ ಕೆಲಸ ಮುಗಿಯದೆ ಕಿಂಗ್ಸ್ ಕ್ರಾಸ್ ಮುಚ್ಚಿತು. ದೂರದ ರೈಲುಗಳ ಜನರನ್ನೆಲ್ಲ ಫಿನ್ಸ್‌ಬರಿ ಪಾರ್ಕ್ ಅನ್ನುವ ಸಣ್ಣ ಸ್ಟೇಷನ್ನಿಗೆ ಕಳಿಸಿದರು, ಕ್ಯೂ ರಸ್ತೆಗೆ ಬಂತು. ಆಫೀಸಿನಲ್ಲಿ ಇನ್ನೊಂದು ದಿನ ರಜೆ ಸಿಗುವುದಾದರೆ ನಾನು ಮಂಗಳವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಸಿಗದಿದ್ದರೆ ಸೋಮವಾರ ಬೆಳಿಗ್ಗೆ ಎಂಟರ ಒಳಗೆ ಗ್ಲಾಸ್ಗೋ ಬಿಡುತ್ತೇನೆ, ತಂಗಿ ತಿಂಡಿ ತಿಂದು ಹೋಗು ಅಂದರೂ ಸರಿಯೇ.