ರೆಮಿಂಗ್ಟನ್ 1100: ಮೆತ್ತಗೆ ಒದೆಯುವ ಹಳೇ ಕೋವಿ, ಆದ್ರೆ ಒರೆಸೋ ಕೆಲಸ ಜಾಸ್ತಿ

ಬೆಳಗ್ಗೆಯಿಂದ ಸಂಜೆವರೆಗೆ ಕ್ಲೇ (ಗಾಳಿಗೆ ಹಾರಿಸುವ ಗುರಿ ಬಿಲ್ಲೆ) ಹೊಡೆದರೂ ಭುಜ ನೋಯಬಾರದು, ಸೆಪ್ಟೆಂಬರ್ ಬಂದರೆ ಅದೇ ಕೋವಿ ಎತ್ತಿಕೊಂಡು ಬೆಳವನ ಶಿಕಾರಿಗೂ ಹೋಗಬೇಕು ಅನ್ನುವವರಿಗೆ ಹಳೇ ರೆಮಿಂಗ್ಟನ್ 1100 ಈಗಲೂ ಒಳ್ಳೆಯ ಕೋವಿ. ಬಿಚ್ಚಿ ಒರೆಸೋಕೆ ಬೇಜಾರು ಪಡುವವರು ಮಾತ್ರ ಇದರ ತಂಟೆಗೆ ಹೋಗಬೇಡಿ.

ನಾನಿರುವುದು ಟೆಕ್ಸಾಸ್‌ನ ಡಲ್ಲಾಸ್ ಕಡೆ, ಊರು ಕೊಡಗು. ನನ್ನದು 12 ಗೇಜ್ (ನಳಿಗೆಯ ಒಳಗಾತ್ರದ ಅಳತೆ), 28 ಇಂಚಿನ ನಳಿಗೆ, ಸೆಕೆಂಡ್ ಹ್ಯಾಂಡ್. ಈ ಮಾಡೆಲ್ ಮಾರುಕಟ್ಟೆಗೆ ಬಂದದ್ದು 1963ರಲ್ಲಿ. ನ್ಯೂಯಾರ್ಕ್ ರಾಜ್ಯದ ಇಲಿಯನ್ ಊರಿನ ಕಾರ್ಖಾನೆಯಲ್ಲಿ ದಶಕಗಟ್ಟಲೆ ತಯಾರಾಯಿತು. ಹಳೇ ಕಂಪನಿ 2020ರಲ್ಲಿ ಎರಡನೇ ಸಲ ದಿವಾಳಿಯಾಗಿ ತುಂಡುತುಂಡಾಗಿ ಮಾರಾಟವಾಯಿತು. ಇಲಿಯನ್ ಕಾರ್ಖಾನೆಗೂ 2024ರಲ್ಲಿ ಬೀಗ ಬಿತ್ತು. ಹಾಗಾದರೆ ಬಿಡಿಭಾಗ ಸಿಗುತ್ತಾ ಅಂತ ಕೇಳುತ್ತೀರಿ ಅಲ್ವಾ? ಸಿಗುತ್ತವೆ. ಇಲ್ಲಿ ಇದು ಅಷ್ಟೊಂದು ಮನೆಗಳಲ್ಲಿದೆ, ಬೇರೆಯವರೂ ಭಾಗ ಮಾಡಿ ಮಾರುತ್ತಾರೆ.

ಜನ ಇದನ್ನು ಇಷ್ಟಪಡೋದು ಒದೆ ಕಮ್ಮಿ ಅಂತ. ನಳಿಗೆಯ ಕೆಳಭಾಗದಲ್ಲಿ ಸಣ್ಣ ತೂತು ಇದೆ. ಈಡು ಹಾರಿದಾಗ ಸ್ವಲ್ಪ ಗ್ಯಾಸ್ ಅದರಿಂದ ಇಳಿದು ಪಿಸ್ಟನ್ ತಳ್ಳುತ್ತದೆ. ತೋಟಾದ ಹಿಂಬದಿ ಮುಚ್ಚುವ ಬೋಲ್ಟ್ ಹಿಂದೆ ಸರಿದು ಖಾಲಿ ತೋಟಾ ಹೊರಗೆಸೆದು ಹೊಸದನ್ನು ಒಳಗೆ ತುಂಬುತ್ತದೆ. ಇಷ್ಟು ಕೆಲಸ ನಡೆಯುವ ಹೊತ್ತಿಗೆ ಒದೆ ಒಂದೇ ಏಟಿಗೆ ಬರದೆ, ಯಾರೋ ನಿಧಾನಕ್ಕೆ ತಳ್ಳಿದ ಹಾಗೆ ಬರುತ್ತದೆ. ಮೂರೂವರೆ ಕಿಲೋ ತೂಕವೂ ಒಂದಷ್ಟು ನುಂಗುತ್ತದೆ. ಊರಿನ ಮನೆಯ ಜೋಡಿ ನಳಿಗೆ ಕೋವಿ ಹಿಡಿಸುವಾಗ ನಮ್ಮ ಮಾವ "ಭುಜಕ್ಕೆ ಗಟ್ಟಿ ಒತ್ತಿಕೋ ಮಗಾ, ಇಲ್ಲಾಂದ್ರೆ ದವಡೆ ಹೋಗುತ್ತೆ" ಅನ್ನುತ್ತಿದ್ದರು. ಇದಕ್ಕೂ ಒತ್ತಿ ಹಿಡಿಯಲೇಬೇಕು, ಆದರೆ ಒಂದು ಔನ್ಸ್ ಚರೆಯ ತೋಟಾ ಹಾಕಿದರೆ ನನ್ನ ಮಗಳೂ ಆರಾಮಾಗಿ ಒಂದು ರೌಂಡ್ ಸ್ಕೀಟ್ (ಎರಡು ಬದಿಯಿಂದ ಅಡ್ಡ ಹಾರುವ ಕ್ಲೇ ಹೊಡೆಯುವ ಆಟ), ಅಂದರೆ 25 ಕ್ಲೇ, ಮುಗಿಸುತ್ತಾಳೆ.

ಈಗ ಒರೆಸುವ ವಿಷಯ. ಪಿಸ್ಟನ್ ತಳ್ಳುವ ಗ್ಯಾಸ್ ಜೊತೆ ಮಸಿಯೂ ಬರುತ್ತದೆ. ಮುಂದಿನ ಮರದ ಹಿಡಿ ಬಿಚ್ಚಿ ನಳಿಗೆ ತೆಗೆದರೆ ತೋಟಾ ತುಂಬಿಡುವ ಮ್ಯಾಗಜಿನ್ ಟ್ಯೂಬ್ ಮೇಲೆ ಒಗ್ಗರಣೆ ಸೀದ ಬಾಣಲೆಯ ತಳದ ಹಾಗೆ ಕಪ್ಪು ಅಂಟಿರುತ್ತದೆ. ಸಾಲ್ವೆಂಟ್ ಹಚ್ಚಿ ಹತ್ತು ನಿಮಿಷ ಬಿಟ್ಟು ಒರಟು ಬಟ್ಟೆಯಲ್ಲಿ ತಿಕ್ಕಬೇಕು. ಆಮೇಲೆ ಎಣ್ಣೆ ಒಂದು ಪಸೆಯಷ್ಟೇ ಸಾಕು. ಜಾಸ್ತಿ ಹಚ್ಚಿದರೆ ಮಸಿ ಸೇರಿ ಅಂಟಾಗುತ್ತದೆ, ಚಳಿಯಲ್ಲಂತೂ ಬೋಲ್ಟ್ ಎಳೆದಾಡುತ್ತದೆ.

ಟ್ಯೂಬ್ ಮೇಲಿನ ಸಣ್ಣ ಕಚ್ಚಿನಲ್ಲಿ ಒಂದು ರಬ್ಬರ್ ಓ-ರಿಂಗ್ ಕೂತಿರುತ್ತದೆ. ಇಡೀ ಕೋವಿಯ ಪ್ರಾಣ ಅದರಲ್ಲಿದೆ. ಅದು ಬಿರುಕು ಬಿಟ್ಟರೆ ಗ್ಯಾಸ್ ಸೋರುತ್ತದೆ, ಖಾಲಿ ತೋಟಾ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. 1100 ಇಟ್ಟುಕೊಂಡವರ ಚೀಲದಲ್ಲಿ ಎರಡು ಓ-ರಿಂಗ್ ಇದ್ದೇ ಇರುತ್ತದೆ, ನನ್ನದರಲ್ಲೂ ಇದೆ. ಬೆಲೆ ಏನೂ ಇಲ್ಲ. ಹಾಕುವಾಗ ಜೋರಾಗಿ ಹಿಗ್ಗಿಸಬೇಡಿ ಅಷ್ಟೇ. ಮೊದಲ ಸಲ ಬಿಚ್ಚುವಾಗ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಪಿಸ್ಟನ್ ಮತ್ತು ಅದರ ಸೀಲ್ ರಿಂಗ್ ಯಾವ ಮುಖ ಎತ್ತ ಅನ್ನೋದು ಆಮೇಲೆ ನೆನಪಿರಲ್ಲ.

ಎಲ್ಲರೂ ಮರೆಯುವ ಜಾಗ ಇನ್ನೊಂದಿದೆ. ಬೋಲ್ಟನ್ನು ಮತ್ತೆ ಮುಂದಕ್ಕೆ ತಳ್ಳುವ ಸ್ಪ್ರಿಂಗ್ ಇರುವುದು ಭುಜಕ್ಕೆ ಒತ್ತುವ ಹಿಂದಿನ ಸ್ಟಾಕ್ ಒಳಗೆ, ಒಂದು ಕೊಳವೆಯಲ್ಲಿ. ಕಣ್ಣಿಗೆ ಕಾಣಲ್ಲ, ಹಾಗಾಗಿ ಯಾರೂ ಮುಟ್ಟಲ್ಲ. ನನಗೆ ಮಾರಿದ ಪುಣ್ಯಾತ್ಮ ಅದನ್ನು ಜನ್ಮದಲ್ಲಿ ತೆಗೆದು ನೋಡಿರಲಿಲ್ಲ ಅಂತ ಕಾಣುತ್ತೆ. ಸ್ಟಾಕ್ ಬಿಚ್ಚಿದಾಗ ಕಂದು ಬಣ್ಣದ ತುಕ್ಕಿನ ನೀರೇ ಸೋರಿತು. ಸ್ಪ್ರಿಂಗ್ ಬದಲಿಸಿದ ಮೇಲೆ ಬೋಲ್ಟ್ ಮುಚ್ಚುವ ಸದ್ದೇ ಬೇರೆ ಆಯಿತು.

ಕ್ಲೇ ವಿಷಯಕ್ಕೆ ಬಂದರೆ, ಸ್ಕೀಟ್‌ಗೆ ಇದಕ್ಕಿಂತ ಹಿತವಾದ ಕೋವಿ ನನಗೆ ಸಿಕ್ಕಿಲ್ಲ. ತೂಕ ಮುಂದಕ್ಕಿದೆ, ಕೋವಿ ತಾನಾಗೇ ಬೀಸಿಕೊಂಡು ಹೋಗುತ್ತದೆ. ಹೊಡೆದ ಮೇಲೂ ಕೈ ನಿಲ್ಲಿಸಬಾರದು ಅನ್ನುವ ಪಾಠವನ್ನು ಇದೇ ಕಲಿಸುತ್ತದೆ. ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಟ್ಟು ಬೆಳೆದವರಿಗೆ ಇದು ಒಗ್ಗೋಕೆ ಟೈಮ್ ಬೇಕು. ತೆಂಗಿನಕಾಯಿ ಕಾಯುತ್ತದೆ. 108 ಮಿಲಿಮೀಟರ್‌ನ ಕ್ಲೇ ಕಾಯಲ್ಲ.

ಹತ್ತಿರ, ದೂರ ಅಂತ ಬೇರೆ ಬೇರೆ ಕಡೆಯಿಂದ ಕ್ಲೇ ಹಾರುವ ಸ್ಪೋರ್ಟಿಂಗ್ ಕ್ಲೇಸ್‌ನಲ್ಲಿ ಮಾತ್ರ ಒಂದು ಕೊರತೆ ಇದೆ. ಮೇಲೊಂದು ಕೆಳಗೊಂದು ನಳಿಗೆಯ ಕೋವಿಯಲ್ಲಿ ಹತ್ತಿರದ ಕ್ಲೇಗೆ ಒಂದು ಚೋಕ್ (ಚರೆ ಎಷ್ಟು ಹರಡಬೇಕು ಅನ್ನೋದನ್ನು ನಿರ್ಧರಿಸುವ, ನಳಿಗೆ ತುದಿಯ ಇಕ್ಕಟ್ಟು), ದೂರದ್ದಕ್ಕೆ ಇನ್ನೊಂದು ಇಟ್ಟುಕೊಳ್ಳಬಹುದು. ಇದರಲ್ಲಿ ನಳಿಗೆ ಒಂದೇ, ಚೋಕೂ ಒಂದೇ. ನಾನು ಇಕ್ಕಟ್ಟು ಕಮ್ಮಿ ಇರುವ ಇಂಪ್ರೂವ್ಡ್ ಸಿಲಿಂಡರ್ ಚೋಕ್ ಹಾಕಿ ಸುಮ್ಮನಾಗಿದ್ದೇನೆ.

ಟ್ರ್ಯಾಪ್ ಅನ್ನುವ ಕ್ಲೇ ಆಟದಲ್ಲಿ ಸಾಲಾಗಿ ನಿಂತು ಹೊಡೆಯುವಾಗ ಖಾಲಿ ತೋಟಾ ನೇರ ಬಲಗಡೆಯವರ ಮೇಲೆ ಬೀಳುತ್ತದೆ. ಒಬ್ಬ ಅಜ್ಜ ಏನೂ ಮಾತಾಡದೆ ನನ್ನ ಕಡೆ ತಿರುಗಿ ನೋಡಿದ್ದೇ ಸಾಕಾಯ್ತು, ಅವತ್ತೇ ಖಾಲಿ ತೋಟಾ ಹಿಡಿದಿಡುವ ಶೆಲ್ ಕ್ಯಾಚರ್ ತಂದೆ. ಇನ್ನೊಂದು, ನಳಿಗೆ ಬಾಗಿಸುವ ಕೋವಿ ಖಾಲಿ ಇದೆಯೋ ಇಲ್ಲವೋ ದೂರದಿಂದಲೇ ಗೊತ್ತಾಗುತ್ತದೆ. 1100ರಂಥ ಸೆಮಿ-ಆಟೊ ನೋಡಿದರೆ ಗೊತ್ತಾಗಲ್ಲ. ಬೋಲ್ಟ್ ಹಿಂದಕ್ಕೆಳೆದು ಚೇಂಬರ್‌ಗೆ ಬಣ್ಣದ ಫ್ಲ್ಯಾಗ್ ಸಿಕ್ಕಿಸಿ ಓಡಾಡಿ, ಪಕ್ಕದವರಿಗೂ ನೆಮ್ಮದಿ.

ಟೆಕ್ಸಾಸ್‌ನ ಉತ್ತರ ಮತ್ತು ಮಧ್ಯ ವಲಯದಲ್ಲಿ ಬೆಳವನ ಸೀಸನ್ ಸೆಪ್ಟೆಂಬರ್ 1ಕ್ಕೆ ಶುರು. ದಿನಕ್ಕೆ ಒಬ್ಬರಿಗೆ 15 ಹಕ್ಕಿ. ವಲಸೆ ಹಕ್ಕಿಯಾದ್ದರಿಂದ ಕೋವಿಯಲ್ಲಿ ಒಟ್ಟು ಮೂರು ತೋಟಾಕ್ಕಿಂತ ಜಾಸ್ತಿ ಹಿಡಿಯಬಾರದು ಅನ್ನೋದು ಫೆಡರಲ್ ಕಾನೂನು. 1100ರ ಮ್ಯಾಗಜಿನ್‌ನಲ್ಲೇ ನಾಲ್ಕು ಹಿಡಿಯುತ್ತದೆ, ಹಾಗಾಗಿ ಜಾಗ ಕಮ್ಮಿ ಮಾಡುವ ಪ್ಲಗ್ ಒಳಗೆ ಇರಲೇಬೇಕು. ಸೆಕೆಂಡ್ ಹ್ಯಾಂಡ್ ತಂದವರು ಪ್ಲಗ್ ಇದೆಯಾ ಅಂತ ಮೊದಲು ನೋಡಿ, ಶಿಕಾರಿ ನಿಯಮ ನೋಡಿಕೊಳ್ಳುವ ಗೇಮ್ ವಾರ್ಡನ್ ಬಂದರೆ ಅವರು ನೋಡುವುದೂ ಅದನ್ನೇ. ಸೂರ್ಯಕಾಂತಿ ಹೊಲದ ಅಂಚಿನಲ್ಲಿ ಬಕೆಟ್ ಮೇಲೆ ಕೂತು ಹೊಡೆಯುವುದಕ್ಕೆ ಈ ತೂಕ ತೊಂದರೆಯಲ್ಲ. ದಿನವಿಡೀ ನಡೆಯುವ ಶಿಕಾರಿಗೆ ಮಾತ್ರ ಭಾರ. ಅದಕ್ಕೆ ಗ್ಯಾಸ್ ಬದಲು ಒದೆಯ ಬಲದಿಂದಲೇ ಓಡುವ ಇನರ್ಷಿಯಾ ಬಗೆಯ ಕೋವಿಗಳೇ ವಾಸಿ, ಹಗುರ, ಮಸಿ ಕಮ್ಮಿ, ಒದೆ ಜಾಸ್ತಿ.

ತೋಟಾ ತುಂಬುವಾಗ ತೋಟಾ ಮೇಲೆತ್ತುವ ಕೆಳಗಿನ ಕ್ಯಾರಿಯರ್ ಹೆಬ್ಬೆರಳು ಕಚ್ಚುತ್ತದೆ. 1100 ಹಿಡಿದವರಿಗೆಲ್ಲ ಈ ಕಡಿತ ಗೊತ್ತು. ಉಗುರಿನ ಬದಿಯಿಂದ ತಳ್ಳೋದು ರೂಢಿಯಾದರೆ ಸರಿಹೋಗುತ್ತದೆ.

ಬಾತುಕೋಳಿಗೆ ನಾನು ಇದನ್ನು ಒಯ್ಯಲ್ಲ. 1991ರಿಂದ ಅಮೆರಿಕದಾದ್ಯಂತ ನೀರುಹಕ್ಕಿಗೆ ಸೀಸದ ಚರೆ ನಿಷೇಧ, ಉಕ್ಕಿನದ್ದೋ ಬೇರೆ ವಿಷವಿಲ್ಲದ್ದೋ ಬೇಕು. ತುದಿ ತುಂಬಾ ಇಕ್ಕಟ್ಟಾದ ಹಳೇ ಫುಲ್ ಚೋಕ್ ನಳಿಗೆಗೆ ಉಕ್ಕಿನ ಚರೆ ಆಗಿಬರಲ್ಲ. ಕೆಸರು, ನೀರು ಆ ಸ್ಟಾಕಿನೊಳಗಿನ ಸ್ಪ್ರಿಂಗ್‌ಗೂ ಆಗಲ್ಲ.

ಕೊಳ್ಳುವಾಗ ನಳಿಗೆಯ ಮೇಲಿನ ಬರಹ ಓದಿ. 2¾ ಇಂಚು ಅಂತಿದ್ದರೆ 3 ಇಂಚಿನ ತೋಟಾ ಹಾಕಲೇಬಾರದು. 3 ಇಂಚಿನ ಮ್ಯಾಗ್ನಂ ಮಾದರಿಯಲ್ಲಿ ಗ್ಯಾಸ್ ತೂತು ಚಿಕ್ಕದು, ಹಗುರ ಕ್ಲೇ ತೋಟಾ ಹಾಕಿದರೆ ಅದು ಕೆಲವೊಮ್ಮೆ ಕೆಲಸವೇ ಮಾಡಲ್ಲ. ಕ್ಲೇಗೆ 2¾ ಸಾಕು. 12 ಗೇಜ್‌ನಲ್ಲಿ ಸೀರಿಯಲ್ ನಂಬರಿನ ಕೊನೆಗೆ ವಿ ಅಕ್ಷರವಿದ್ದರೆ ಅದು 2¾ ಇಂಚಿನದ್ದು, ಎಂ ಇದ್ದರೆ ಮ್ಯಾಗ್ನಂ. ನನಗೆ ಸಿಕ್ಕಿಕೊಂಡ ತೋಟಾಗಳ ಕಾಟ ಬಂದದ್ದೆಲ್ಲ ಅಂಗಡಿಯ ಅಗ್ಗದ ಡಬ್ಬದಿಂದ, ಬೇರೆ ತೋಟಾ ಹಾಕಿದ ಮೇಲೆ ನಿಂತಿತು.

ಎಚ್-1ಬಿ ಕೆಲಸದ ವೀಸಾದಲ್ಲಿ ಇರುವ ನಮ್ಮವರಿಗೆ ಒಂದು ಮಾತು. ಆ ಬಗೆಯ ವೀಸಾದವರು ಸಾಮಾನ್ಯವಾಗಿ ಇಲ್ಲಿ ಕೋವಿ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗೆಳೆಯ ಹೇಳಿದ ಅಂತ ನಂಬಬೇಡಿ, ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಲೆನೋವಿಲ್ಲ.

ಮಗಳಿಗೆ ಈಗ ಅವಳದ್ದೇ ಒಂದು ಬೇಕಂತೆ. 20 ಗೇಜ್‌ನ ಎಲ್‌ಟಿ-20 ಹುಡುಕುತ್ತಿದ್ದೇನೆ, 1100ರದ್ದೇ ಹಗುರ ಮಾದರಿ, ಗಿಡ್ಡ ಸ್ಟಾಕ್ ಇರುವುದು. ಡಲ್ಲಾಸ್ ಸುತ್ತಮುತ್ತ ಯಾರಾದರೂ ಮಾರುವವರಿದ್ದರೆ ತಿಳಿಸಿ, ಆದರೆ ಸ್ಟಾಕ್ ಬಿಚ್ಚಿ ನೋಡಿಯೇ ದುಡ್ಡು ಕೊಡುವುದು.